ಪಟ್ಟ ಬಿಟ್ಟ ಸರ್ವರ್

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ನಂದಿಮಂಟಪದ ನೆರಳಿಗೆ ಕೂತಿದ್ದೆ. ಇಳಕಲ್ಲಿನಿಂದ ಫೋನ್ ಬಂತು. ಗ್ರಾನೈಟ್ ವ್ಯಾಪಾರದ ಸಣ್ಣ ಕಚೇರಿ, ಹದಿನೆಂಟು ಕಂಪ್ಯೂಟರು. "ಸರ್ರ, ಪಾಸ್‌ವರ್ಡ್ ತಗೊಳ್ಳಾಕತ್ತೈತಿ, ಆದ್ರ ಬಿಲ್ಲಿನ ಫೋಲ್ಡರ್ ತೆರೀವಲ್ದು."

ಅಷ್ಟರಲ್ಲೇ ರೋಗ ಅರ್ಧ ತಿಳಿಯಿತು. ಇಂಥ ಕಡೆ ಯಾರು ಯಾರೆಂದು ಗುರುತಿಸುವುದು ಡೊಮೇನ್ ಕಂಟ್ರೋಲರ್ ಎಂಬ ಸರ್ವರ್. ಅದು ಸತ್ತ ಮೇಲೂ ಲಾಗಿನ್ ಆಗುತ್ತದೆ. ಯಾಕೆಂದರೆ ಹಿಂದೆ ಬಂದುಹೋದವರ ಗುರುತನ್ನು, ಸಾಮಾನ್ಯವಾಗಿ ಹತ್ತು ಜನರದ್ದನ್ನು, ವಿಂಡೋಸ್ ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಆದರೆ ಬೇರೆ ಯಂತ್ರದ ಫೋಲ್ಡರಿಗೆ ಕೈಹಾಕಲು ಹೊಸ ಚೀಟಿ ಬೇಕು. ಚೀಟಿ ಬರೆಯುವವನೇ ಇಲ್ಲ.

"ಹೊಸಾದು ತಂದು ಅದ ಹೆಸರಿಟ್ರ ಆತಲ್ರಿ?" ಅಂದರು ಮಾಲೀಕರು. ಆಗುವುದಿಲ್ಲ. ಪ್ರತಿ ಡೊಮೇನಿಗೂ ಹುಟ್ಟುವಾಗಲೇ ಉದ್ದನೆಯದೊಂದು ಸಂಖ್ಯೆ ಬೀಳುತ್ತದೆ. ಕಂಪ್ಯೂಟರುಗಳು ನಂಬುವುದು ಅದನ್ನು, ಹೆಸರನ್ನಲ್ಲ. ಹೊಸದಾಗಿ ಶುರುಮಾಡಿದರೆ ಹದಿನೆಂಟನ್ನೂ ಒಂದೊಂದಾಗಿ ಮತ್ತೆ ಸೇರಿಸಬೇಕು, ಫೋಲ್ಡರುಗಳ ಹಕ್ಕನ್ನೆಲ್ಲ ಮತ್ತೆ ಬರೆಯಬೇಕು.

ಪುಣ್ಯಕ್ಕೆ ಗೋದಾಮಿನಲ್ಲಿ ಎರಡನೇ ಕಂಟ್ರೋಲರ್ ಇತ್ತು, ಧೂಳು ಹೊದ್ದುಕೊಂಡು. ದಾಖಲೆ ಎರಡರಲ್ಲೂ ಒಂದೇ. ಆದರೆ ಐದು ಅಧಿಕಾರಗಳು ಮಾತ್ರ ಒಂದು ಹೊತ್ತಿಗೆ ಒಬ್ಬರ ಕೈಯಲ್ಲೇ ಇರಬೇಕು. ಹೊಸ ಖಾತೆಗಳಿಗೆ ಸಂಖ್ಯೆ ಹಂಚುವುದು, ಎಲ್ಲರಿಗೂ ಸಮಯ ಹೇಳುವುದು ಅವುಗಳಲ್ಲಿ ಸೇರಿವೆ. ಇದ್ದವನು ಬದುಕಿದ್ದರೆ ಒಪ್ಪಿಸಿ ಹೋಗುತ್ತಾನೆ, ಸತ್ತಿದ್ದರೆ ಕಸಿದುಕೊಳ್ಳಬೇಕು. ನಾನು ಕೂತಿದ್ದ ಊರೇ ಚಾಲುಕ್ಯರು ಪಟ್ಟ ಕಟ್ಟಿಸಿಕೊಳ್ಳುತ್ತಿದ್ದ ಜಾಗ. 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿ ಗೆದ್ದ ಮೇಲೆ ಒಂದನೇ ವಿಕ್ರಮಾದಿತ್ಯ ಗದ್ದುಗೆ ಮರಳಿ ಹಿಡಿಯಲು 655 ಬರಬೇಕಾಯಿತು. ಇಳಕಲ್ಲಿನವರಿಗೆ ಹದಿಮೂರು ತಾಸು ಕಾಯುವ ತಾಳ್ಮೆಯೂ ಇರಲಿಲ್ಲ, ಲಾರಿ ನಿಂತಿತ್ತು.

ಸಂಜೆ ಹೋಗಿ ಐದನ್ನೂ ಗೋದಾಮಿನದಕ್ಕೆ ಕೊಟ್ಟೆ, ಸತ್ತದ್ದರ ಹೆಸರನ್ನು ದಾಖಲೆಯಿಂದ ತೆಗೆದೆ. ಆದರೂ ಫೋಲ್ಡರ್ ತೆರೆಯಲಿಲ್ಲ! ಅರ್ಧ ತಾಸು ತಲೆ ಕೆರೆದುಕೊಂಡ ಮೇಲೆ ಪರದೆಯ ಮೂಲೆ ಕಣ್ಣಿಗೆ ಬಿತ್ತು. ಗೋದಾಮಿನ ಯಂತ್ರದ ಗಡಿಯಾರ ಹತ್ತೊಂಬತ್ತು ನಿಮಿಷ ಹಿಂದೆ. ಒಳಗಿನ ಗುಂಡಿಸೆಲ್ ಸೊರಗಿತ್ತು. ಕರೆಂಟ್ ಹೋದಾಗ ಗಡಿಯಾರ ಹಿಂದೆ ಬಿದ್ದಿತ್ತು. ಚೀಟಿ ಪದ್ಧತಿಗೆ ಕರ್ಬರಸ್ ಎಂದು ಹೆಸರು, ಗ್ರೀಕರ ಕಥೆಯ ಮೂರು ತಲೆಯ ಕಾವಲುನಾಯಿಯದು. ಕದ್ದ ಹಳೇ ಚೀಟಿ ಮತ್ತೆ ನಡೆಯಬಾರದೆಂದು ಅದು ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸ ಒಪ್ಪುವುದಿಲ್ಲ. ಸಮಯ ಸರಿಪಡಿಸಿದ ಮೇಲೆ ಬಿಲ್ಲು ಹೊರಬಂತು.

ಕರೆಂಟ್ ಹೋಗುವುದು ಯಾವಾಗಲೂ ಶಾಪವೇನಲ್ಲ ಅನ್ನಿ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ದಾಳಿ ಹಡಗು ಕಂಪನಿ ಮಾರ್ಸ್ಕ್‌ನ ಡೊಮೇನ್ ಕಂಟ್ರೋಲರುಗಳನ್ನು ಅಳಿಸಿಹಾಕಿತು. ಉಳಿದದ್ದು ಘಾನಾದಲ್ಲಿದ್ದ ಒಂದೇ. ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು. ಇಡೀ ಜಾಲ ಅದರಿಂದಲೇ ಮತ್ತೆ ಎದ್ದಿತು.

ವಾರದ ಮೇಲೆ ಮತ್ತೆ ಫೋನ್. "ಹಳೇದು ರಿಪೇರಿ ಆಗೇತ್ರಿ, ವಾಯರ್ ಚುಚ್ಚಲೇನ್ರಿ?" ಬೇಡ ಬೇಡ ಅಂದೆ. ತಾನಿನ್ನೂ ಪಟ್ಟದಲ್ಲೇ ಇದ್ದೇನೆಂಬುದು ಅದರ ನಂಬಿಕೆ. ಒಂದೇ ಸಂಖ್ಯೆಯನ್ನು ಇಬ್ಬರಿಗೆ ಹಂಚುವ ಅಪಾಯವಿತ್ತು. ಪೂರ್ತಿ ಒರೆಸಿ, ವಿಂಡೋಸ್ ಹೊಸದಾಗಿ ಹಾಕಿ, ಬೇರೆ ಹೆಸರಿಟ್ಟು ಸೇರಿಸಿದೆ. ಗೋದಾಮಿನದಕ್ಕೆ ಹೊಸ ಗುಂಡಿಸೆಲ್ ಬಂತು, ಇದಕ್ಕೆ ಎರಡನೇ ಜಾಗ.