ಕಡೆಗಣ್ಣಿಗೆ ಸಿಗುವ ಚುಕ್ಕಿ

ಅಮೃತಾಪುರದ ಅಮೃತೇಶ್ವರ ಗುಡಿಗೆ ನಡುಮಧ್ಯಾಹ್ನ ಹೋದವರು ಬಿಸಿಲಿನಿಂದ ಒಳಗಿನ ನವರಂಗಕ್ಕೆ ಕಾಲಿಟ್ಟೊಡನೆ ತಬ್ಬಿಬ್ಬಾಗುತ್ತಾರೆ. ಸುತ್ತ ಬರೀ ಕಪ್ಪು. ಕಂಬ ಹಿಡಿದು ನಾಲ್ಕು ನಿಮಿಷ ಸುಮ್ಮನೆ ನಿಂತರೆ ತಲೆಯ ಮೇಲಿನ ಭುವನೇಶ್ವರಿಯ ಕೆತ್ತನೆ ಒಂದೊಂದಾಗಿ ಕಾಣತೊಡಗುತ್ತದೆ. ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಕಟ್ಟಿದ ಈ ಗುಡಿಯೊಳಗೆ ಬೆಳಕೇನೂ ಹೆಚ್ಚಲಿಲ್ಲ. ಪಳಗಿದ್ದು ನಿಮ್ಮ ಕಣ್ಣು.

ಆ ಪಳಗುವಿಕೆಯ ಪೂರ್ತಿ ಬಲ ತಿಳಿಯಬೇಕಾದರೆ ಪುಷ್ಯ ಮಾಸದ ಅಮಾವಾಸ್ಯೆಯ ಆಸುಪಾಸು, ರಾತ್ರಿ ಎಂಟರ ಹೊತ್ತಿಗೆ, ಅಡಿಕೆ ತೆಂಗಿನ ತೋಟಗಳನ್ನು ದಾಟಿ ಬಯಲಿಗೆ ಬರಬೇಕು. ಕತ್ತಲಲ್ಲಿ ಕಣ್ಣಿನ ಪಾಪೆ ಬೇಗನೆ ಅರಳುತ್ತದೆ. ಹರೆಯದವರಲ್ಲಿ ಸುಮಾರು 7 ಮಿಲಿಮೀಟರ್ ಅಗಲವಾಗುತ್ತದೆ. ಅದು ಸಣ್ಣ ಪಾಲು. ದೊಡ್ಡ ಕೆಲಸ ನಡೆಯುವುದು ಒಳಗಿನ ಅಕ್ಷಿಪಟಲದಲ್ಲಿ. ಅಲ್ಲಿ ಬೆಳಕು ಹಿಡಿಯುವ ಕೋಶಗಳು ಎರಡು ಬಗೆ: ಬಣ್ಣ ಗುರುತಿಸುವ ಶಂಕುಕೋಶಗಳು ಸುಮಾರು 60 ಲಕ್ಷ, ಮಂದ ಬೆಳಕಿಗೆ ಸ್ಪಂದಿಸುವ ದಂಡಕೋಶಗಳು ಸುಮಾರು 12 ಕೋಟಿ. ದಂಡಕೋಶದಲ್ಲಿರುವ ರೊಡಾಪ್ಸಿನ್ ಎಂಬ ವಸ್ತು ಹಗಲ ಬೆಳಕಿಗೆ ಬಣ್ಣಗೆಟ್ಟು, ಕತ್ತಲಲ್ಲಿ ನಿಧಾನವಾಗಿ ಮತ್ತೆ ಕೂಡಿಕೊಳ್ಳುತ್ತದೆ. ಅದಕ್ಕೆ ಅರ್ಧ ಗಂಟೆಯಾದರೂ ಬೇಕು. ನಡುವೆ ಒಮ್ಮೆ ಮೊಬೈಲ್ ತೆರೆದರೆ ಕಾದದ್ದೆಲ್ಲ ನೀರುಪಾಲು. ದಾರಿಗೆ ದೀಪ ಬೇಕೇ ಬೇಕೆಂದರೆ ಟಾರ್ಚಿಗೆ ಕೆಂಪು ಕಾಗದ ಸುತ್ತಿ. ಕಡುಗೆಂಪು ದಂಡಕೋಶಕ್ಕೆ ಅಷ್ಟಾಗಿ ತಾಗದು. ರೊಡಾಪ್ಸಿನ್ ತಯಾರಾಗಲು ‘ಎ’ ಜೀವಸತ್ವ ಬೇಕು. ಅದು ತೀರಾ ಕಡಿಮೆಯಾದವರಿಗೆ ಇರುಳುಗುರುಡು ಬರುತ್ತದೆ. ನುಗ್ಗೆಸೊಪ್ಪು, ಪಪ್ಪಾಯಿಗಳನ್ನು ಮಕ್ಕಳಿಗೆ ತಪ್ಪದೆ ಉಣಿಸಬೇಕಾದ್ದು ಇದಕ್ಕೇ.

ಈಗ ನೆತ್ತಿಯ ಬಳಿಯ ಕೃತ್ತಿಕೆಯನ್ನು ನೋಡಿ. ನೆಟ್ಟ ನೋಟಕ್ಕೆ ಐದೋ ಆರೋ ಚುಕ್ಕಿ. ನೋಟವನ್ನು ಗುಂಪಿನಿಂದ ತುಸು ಪಕ್ಕಕ್ಕೆ ಸರಿಸಿ, ಗಮನ ಮಾತ್ರ ಅಲ್ಲೇ ಇರಲಿ. ಇಲ್ಲದ ಕಡೆ ಇನ್ನೊಂದೆರಡು ಮಿನುಗುತ್ತವೆ. ಅವನ್ನು ಹಿಡಿಯಲು ನೇರ ನೋಡಿದಿರೋ, ಮಾಯ! ನಾವು ನೇರ ನೋಡುವಾಗ ಬಿಂಬ ಬೀಳುವ ನಟ್ಟನಡುವಿನ ಗುಳಿಯಲ್ಲಿ ಇರುವುದೆಲ್ಲ ಶಂಕುಕೋಶ. ದಂಡಕೋಶ ಒಂದೂ ಇಲ್ಲ. ಅವು ದಟ್ಟವಾಗಿರುವುದು ನಡುವಿನಿಂದ ಸುಮಾರು 20 ಡಿಗ್ರಿ ಆಚೆ. ಓದಲು, ಸೂಜಿಗೆ ದಾರ ಪೋಣಿಸಲು ನೆಚ್ಚಿಕೊಂಡ ಜಾಗವೇ ಮಸುಕು ಚುಕ್ಕಿಯ ಮಟ್ಟಿಗೆ ಕುರುಡು ಎನ್ನುವುದು ನನಗೆ ಇಂದಿಗೂ ಬೆರಗು.

ದಂಡಕೋಶಕ್ಕೆ ಬಣ್ಣ ತಿಳಿಯದು. ಅದಕ್ಕೇ ಪೂರ್ವದಲ್ಲಿ ಏರಿರುವ ಆರ್ದ್ರಾ ನಕ್ಷತ್ರ ಶಂಕುಕೋಶಕ್ಕೂ ಸಾಕಾಗುವಷ್ಟು ಪ್ರಖರವಾಗಿ ಕೆಂಪಗೆ ಕಂಡರೆ, ಮಂಕು ಚುಕ್ಕಿಗಳೆಲ್ಲ ಬೂದು. ಬಣ್ಣ ಬಿಟ್ಟುಕೊಟ್ಟು ಈ ಕೋಶಗಳು ಪಡೆದದ್ದು ಎಂಥ ಸೂಕ್ಷ್ಮತೆ! 1942ರಲ್ಲಿ ಹೆಕ್ಟ್, ಶ್ಲೇರ್, ಪಿರೆನ್ ಎಂಬ ವಿಜ್ಞಾನಿಗಳು ಕತ್ತಲೆಗೆ ಪಳಗಿದ ಕಣ್ಣುಗಳಿಗೆ ಅತಿ ಮಂದವಾದ ಮಿಂಚುಗಳನ್ನು ತೋರಿಸಿ ಲೆಕ್ಕ ಹಾಕಿದರು. 5ರಿಂದ 14 ದಂಡಕೋಶಗಳು ತಲಾ ಒಂದೇ ಒಂದು ಫೋಟಾನ್, ಅಂದರೆ ಬೆಳಕಿನ ಒಂದು ಕಣ, ಹಿಡಿದರೂ ಮನುಷ್ಯ ‘ಕಂಡಿತು’ ಎನ್ನುತ್ತಾನೆ.

ವಾಯವ್ಯದಲ್ಲಿ ದೇವಯಾನಿ ನಕ್ಷತ್ರಪುಂಜವಿದೆ. ಅಲ್ಲೊಂದು ಬೂದು ಮಚ್ಚೆ, ನೇರ ನೋಡಿದರೆ ಕರಗುವುದು, ಮಗ್ಗುಲಿಗೆ ನೋಡಿದರೆ ಮರಳುವುದು. ಅದು ನಮ್ಮದಲ್ಲದ ಇನ್ನೊಂದು ಗ್ಯಾಲಕ್ಸಿ. ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷವಾಯಿತು. ವಯಸ್ಸಾದಂತೆ ಪಾಪೆ ಮೊದಲಿನಷ್ಟು ಅರಳದು. ನಿಮಗೆ ಸಿಗದಿದ್ದರೆ ಪಕ್ಕದಲ್ಲಿ ನಿಂತ ಮೊಮ್ಮಗಳನ್ನು ಕೇಳಿ.