ತೊನ್ನು ಮತ್ತು ಮುಖದ ಸೌಂದರ್ಯ ಶಸ್ತ್ರಚಿಕಿತ್ಸೆ

ತೊನ್ನು (ವಿಟಿಲಿಗೊ) ಎಂಬುದು ಚರ್ಮಕ್ಕೆ ಬಣ್ಣ ನೀಡುವ ಮೆಲನೊಸೈಟ್ ಕೋಶಗಳು ನಾಶವಾಗಿ ಬಿಳಿ ಮಚ್ಚೆಗಳು ಮೂಡುವ ದೀರ್ಘಕಾಲದ ಚರ್ಮರೋಗ. ದೇಹದ ರೋಗನಿರೋಧಕ ವ್ಯವಸ್ಥೆಯೇ ಈ ಕೋಶಗಳ ಮೇಲೆ ಎರಗುವುದು ಇದಕ್ಕೆ ಮುಖ್ಯ ಕಾರಣ. ಇದು ಅಂಟುರೋಗವಲ್ಲ. ‘ಬಿಳಿ ಕುಷ್ಠ’ ಎಂಬ ರೂಢಿಯ ಹೆಸರಿದ್ದರೂ ಕುಷ್ಠರೋಗಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಮುಖದ ಮಚ್ಚೆಗಳು ನೋವುಂಟುಮಾಡದಿದ್ದರೂ ಮದುವೆ, ಉದ್ಯೋಗಗಳ ವಿಷಯದಲ್ಲಿ ಅಡ್ಡಿಯಾಗುವುದರಿಂದ ಅನೇಕರು ಶಸ್ತ್ರಚಿಕಿತ್ಸೆಗೆ ಆತುರಪಡುತ್ತಾರೆ. ಆದರೆ ರೋಗವು ಹರಡುತ್ತಿರುವಾಗ ನಡೆಸಿದ ಶಸ್ತ್ರಚಿಕಿತ್ಸೆಯಿಂದ ಮಚ್ಚೆಗಳು ಹೆಚ್ಚಾಗಬಹುದು.

ಕೋಬ್ನರ್ ಪರಿಣಾಮ

ಗಾಯವಾದ ಜಾಗದಲ್ಲಿಯೇ ಹೊಸದಾಗಿ ರೋಗ ಕಾಣಿಸಿಕೊಳ್ಳುವುದನ್ನು 19ನೆಯ ಶತಮಾನದಲ್ಲಿ ಜರ್ಮನಿಯ ಚರ್ಮವೈದ್ಯ ಹೈನ್‌ರಿಶ್ ಕೋಬ್ನರ್ ಸೋರಿಯಾಸಿಸ್ ರೋಗಿಗಳಲ್ಲಿ ಗುರುತಿಸಿದರು. ತೊನ್ನಿನಲ್ಲಿಯೂ ಇದು ಕಂಡುಬರುತ್ತದೆ. ಆದ್ದರಿಂದ ಮೂಗಿನ ಆಕಾರ ತಿದ್ದುವುದು, ಮಚ್ಚೆ ತೆಗೆಸುವುದು, ಲೇಸರ್ ಚಿಕಿತ್ಸೆ ಮುಂತಾದವುಗಳಿಗೆ ಮೊದಲು ತೊನ್ನಿರುವ ವಿಷಯವನ್ನು ವೈದ್ಯರಿಗೆ ತಿಳಿಸುವುದು ಅಗತ್ಯ.

ರೋಗದ ಸ್ಥಿರತೆ

ಕನಿಷ್ಠ ಒಂದು ವರ್ಷ ಹೊಸ ಮಚ್ಚೆ ಮೂಡದೆ, ಹಳೆಯವು ಬೆಳೆಯದೆ ಇದ್ದರೆ ರೋಗವನ್ನು ಸಾಮಾನ್ಯವಾಗಿ ಸ್ಥಿರವೆಂದು ಪರಿಗಣಿಸಲಾಗುತ್ತದೆ. ಸಂದೇಹವಿದ್ದಲ್ಲಿ ಮೊದಲು ಕೆಲವೇ ಚುಕ್ಕಿಗಳಷ್ಟು ಚರ್ಮವನ್ನು ಕಸಿಮಾಡಿ ಫಲಿತಾಂಶವನ್ನು ಗಮನಿಸುವುದುಂಟು. ದೇಹದ ಒಂದೇ ಪಾರ್ಶ್ವದಲ್ಲಿ, ಒಂದು ಭಾಗಕ್ಕೆ ಸೀಮಿತವಾಗುವ ತೊನ್ನು ಬೇಗ ಸ್ಥಿರಗೊಳ್ಳುವುದರಿಂದ ಕಸಿಗೆ ಹೆಚ್ಚು ಅನುಕೂಲ.

ಹಣೆಯ ಬಿಳಿ ಕಲೆಗಳೆಲ್ಲವೂ ತೊನ್ನಲ್ಲ. ಅಂಟಿಸಿಕೊಳ್ಳುವ ಟಿಕಳಿಯ ಅಂಟಿನಲ್ಲಿರುವ ಕೆಲವು ರಾಸಾಯನಿಕಗಳು ಸಹ ಚರ್ಮದ ಬಣ್ಣವನ್ನು ಕಳೆಯಬಲ್ಲವು. ಇಂತಹ ಸಂದರ್ಭದಲ್ಲಿ ಮೊದಲ ಹೆಜ್ಜೆ ಟಿಕಳಿಯನ್ನು ಬಿಡುವುದೇ ಹೊರತು ಶಸ್ತ್ರಚಿಕಿತ್ಸೆಯಲ್ಲ.

ವಿಧಾನಗಳು

ಮುಲಾಮು, ಮಾತ್ರೆ ಮತ್ತು ನೇರಳಾತೀತ ಬೆಳಕಿನ ಚಿಕಿತ್ಸೆಗಳಿಂದ ಸಾಕಷ್ಟು ಗುಣ ಕಾಣದಿದ್ದಾಗ ಶಸ್ತ್ರಚಿಕಿತ್ಸೆಯನ್ನು ಆಲೋಚಿಸಲಾಗುತ್ತದೆ.

ಪಂಚ್ ಕಸಿ: ಬಣ್ಣವಿರುವ ಚರ್ಮದ ಸಣ್ಣ ಚೂರುಗಳನ್ನು ಮಚ್ಚೆಯಲ್ಲಿ ನೆಡುವುದು. ಇದರಿಂದ ಮುಖದ ಮೇಲೆ ಉಬ್ಬುತಗ್ಗು ಉಳಿಯುವ ಸಂಭವವಿದೆ.

ಗುಳ್ಳೆ ಕಸಿ: ತೊಡೆ ಮುಂತಾದೆಡೆ ಹೀರುವ ಒತ್ತಡದಿಂದ ಗುಳ್ಳೆ ಎಬ್ಬಿಸಿ, ಅದರ ಮೇಲ್ಪೊರೆಯನ್ನು ಮಚ್ಚೆಗೆ ಹೊದಿಸುವುದು. ತುಟಿ, ರೆಪ್ಪೆಗಳಿಗೆ ಇದು ಸೂಕ್ತ.

ಕೋಶಗಳ ಕಸಿ: ಚಿಕ್ಕ ಚರ್ಮದ ತುಂಡಿನಿಂದ ಕೋಶಗಳನ್ನು ಬೇರ್ಪಡಿಸಿ, ದ್ರವರೂಪದಲ್ಲಿ ಹಲವು ಪಟ್ಟು ದೊಡ್ಡ ಮಚ್ಚೆಗೆ ಲೇಪಿಸುವುದು.

ಬಣ್ಣ ಮರಳಿ ತುಂಬಲು ವಾರಗಳಿಂದ ತಿಂಗಳುಗಳೇ ಬೇಕು. ಹೊಸ ಬಣ್ಣವು ಸುತ್ತಲಿನ ಚರ್ಮಕ್ಕಿಂತ ಗಾಢವಾಗಿ ಅಥವಾ ತಿಳಿಯಾಗಿ ಕಾಣಬಹುದು. ಕಸಿಯು ಮಚ್ಚೆಯನ್ನು ಮುಚ್ಚುತ್ತದೆಯೇ ಹೊರತು ರೋಗದ ಮೂಲವನ್ನು ನಿವಾರಿಸುವುದಿಲ್ಲ. ಆದ್ದರಿಂದ ಬಳಿಕವೂ ತಪಾಸಣೆ ಅಗತ್ಯ.

ಕಲಬುರಗಿ ಭಾಗದಲ್ಲಿ

ಸೇಡಂ ತಾಲ್ಲೂಕಿನ ಕೋಡ್ಲಾ ಹಾಗೂ ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಪರಿಸರದ ಜನರಿಗೆ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು ಜಿಲ್ಲಾ ಕೇಂದ್ರವಾದ ಕಲಬುರಗಿಯಲ್ಲಿವೆ. ಗುಲ್ಬರ್ಗಾ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಮತ್ತು ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಅವುಗಳಲ್ಲಿ ಪ್ರಮುಖವಾದವು. ಈ ಭಾಗದ ಬೇಸಿಗೆಯ ಬಿಸಿಲಿಗೆ ಬಣ್ಣವಿಲ್ಲದ ಚರ್ಮವು ಬೇಗನೆ ಸುಡುವುದರಿಂದ, ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲಿ ಬಿಡಲಿ, ಮುಖಕ್ಕೆ ಬಿಸಿಲಿನಿಂದ ರಕ್ಷಣೆ ಅವಶ್ಯ. ಪ್ರತಿವರ್ಷ ಜೂನ್ 25ರಂದು ವಿಶ್ವ ತೊನ್ನು ದಿನವನ್ನು ಆಚರಿಸಲಾಗುತ್ತದೆ.