ಮಳೆಯ ದಿನದ ಜಮಾ-ಖರ್ಚು
ಟೋಕಿಯೋ ಡಿಸ್ನಿಲ್ಯಾಂಡಿನಲ್ಲಿ ಮಲೆನಾಡಿನ ಉದ್ಯಮಿಯೊಬ್ಬರು ಕಂಡ ವ್ಯವಹಾರ

ಮನರಂಜನಾ ಉದ್ಯಾನ ನಡೆಸುವವರಿಗೆ ಮಳೆ ಎಂಬುದು ರಸೀದಿಯಿಲ್ಲದ ಖರ್ಚು. ಲಾಭ-ನಷ್ಟದ ತಖ್ತೆಯಲ್ಲಿ ಅದಕ್ಕೆ ಪ್ರತ್ಯೇಕ ಶೀರ್ಷಿಕೆ ಇರುವುದಿಲ್ಲ. ಬಂದ ಹಣ ಕಡಿಮೆಯಾಗಿರುತ್ತದೆ, ಅಷ್ಟೇ. ಸಾಲದ ಬಡ್ಡಿ, ಕಾವಲುಗಾರನ ಸಂಬಳ, ಯಂತ್ರಗಳ ಸವಕಳಿ, ವಿಮೆಯ ಕಂತು ಇವು ಯಾವುವೂ ಮೋಡ ನೋಡಿ ನಿಲ್ಲುವುದಿಲ್ಲ. ಗೋದಾಮಿನಲ್ಲಿರುವ ಅಕ್ಕಿಯನ್ನು ಈ ವಾರ ಮಾರದಿದ್ದರೆ ಮುಂದಿನ ವಾರ ಮಾರಬಹುದು. ಮಂಗಳವಾರ ಖಾಲಿ ತಿರುಗಿದ ತೊಟ್ಟಿಲಿನ ಆಸನವನ್ನು ಬುಧವಾರ ಮಾರಲು ಬಾರದು. ಹೋಟೆಲಿನ ಕೋಣೆ, ಬಸ್ಸಿನ ಸೀಟು, ಚಿತ್ರಮಂದಿರದ ಕುರ್ಚಿ ಇವೆಲ್ಲವೂ ಇದೇ ಜಾತಿಯ ಸರಕು. ಆದರೆ ಅವುಗಳಿಗೆ ಕನಿಷ್ಠಪಕ್ಷ ಮೇಲೊಂದು ಮಾಡು ಇರುತ್ತದೆ.

ಈ ಮಾತು ಸಾಗರ ಸೀಮೆಯ ಉದ್ಯಮಿಯೊಬ್ಬರಿಗೆ ಚೆನ್ನಾಗಿ ಗೊತ್ತು. ಅವರದು ಮೂಲತಃ ಅವಲಕ್ಕಿ ಗಿರಣಿಯ ಕುಟುಂಬ. ಹೆದ್ದಾರಿಯ ಬದಿಯ ನಾಲ್ಕು ಎಕರೆಯಲ್ಲಿ ಮಕ್ಕಳ ರೈಲು, ತಿರುಗುವ ತೊಟ್ಟಿಲು, ದೋಣಿ, ಒಂದು ಸಣ್ಣ ಉಪಾಹಾರ ಗೃಹವಿರುವ ಉದ್ಯಾನವನ್ನು ಪಾಲುದಾರಿಕೆಯಲ್ಲಿ ನಡೆಸುತ್ತಾರೆ. ಜೋಗದ ಜಲಪಾತ ಮೈದುಂಬುವ ಕಾಲದಲ್ಲೇ ಆ ದಾರಿಯಲ್ಲಿ ವಾಹನಗಳ ಸಾಲು. ವಿಪರ್ಯಾಸವೆಂದರೆ, ಅದೇ ಕಾಲದಲ್ಲಿ ಉದ್ಯಾನದ ಬಾಗಿಲಿಗೆ ಬೀಗ. ಜೂನ್ ನಡುವಿನಲ್ಲಿ ಮುಚ್ಚಿದರೆ ತೆರೆಯುವುದು ಗಣೇಶನ ಹಬ್ಬದ ಹೊತ್ತಿಗೆ. ಆ ಅವಧಿಯಲ್ಲಿ ಕೆಲಸಗಾರರಿಗೆ ಅರ್ಧ ಸಂಬಳ. ರೈಲು ಓಡಿಸುತ್ತಿದ್ದ ಇಬ್ಬರು ಹುಡುಗರು ಹಾಗೆ ಮನೆಗೆ ಹೋದವರು ಬೆಂಗಳೂರು ಸೇರಿ ಮರಳಲೇ ಇಲ್ಲ. ಮಳೆಗಾಲದ ಕೆಲಸಗಾರರನ್ನು ಪೂರ್ತಿಯಾಗಿ ಬಿಡಿಸಿ, ಉದ್ಯಾನವನ್ನು ಎಂಟು ತಿಂಗಳ ವ್ಯವಹಾರವೆಂದೇ ಭಾವಿಸೋಣ ಎಂಬುದು ಪಾಲುದಾರರ ಅಭಿಪ್ರಾಯ. ಇಡೀ ಅಂಗಳಕ್ಕೆ ಮಾಡು ಹಾಕಿಸಿ ವರ್ಷವಿಡೀ ನಡೆಸಬೇಕೆಂಬುದು ಇವರ ಹಂಬಲ. ಬ್ಯಾಂಕಿಗೆ ಸಲ್ಲಿಸಿದ ಅವಧಿ ಸಾಲದ ಅರ್ಜಿಗೆ ತಿಂಗಳ ಕೊನೆಯೊಳಗೆ ಅಂತಿಮ ಅಂಕಿ ಕೊಡಬೇಕಿತ್ತು.

ಈ ನಡುವೆ ಗಿರಣಿಯ ಕೆಲಸಕ್ಕಾಗಿ ಅವರು ಜಪಾನಿಗೆ ಹೋಗಬೇಕಾಯಿತು. ಟೋಕಿಯೋದಲ್ಲಿ ಪ್ರತಿ ಜೂನ್ ತಿಂಗಳು ಆಹಾರ ಯಂತ್ರೋಪಕರಣಗಳ ದೊಡ್ಡ ಪ್ರದರ್ಶನ ನಡೆಯುತ್ತದೆ. ಅದು ಮುಗಿದ ಮರುದಿನ ಅವರಿಗೆ ಬಿಡುವು. ಜೊತೆಗೆ ಬಂದಿದ್ದವರು ಹಿಂದಿನ ರಾತ್ರಿಯೇ ವಿಮಾನ ಹತ್ತಿದ್ದರು. ಹೊರಗೆ ಜಡಿಮಳೆ. ಜಪಾನಿನಲ್ಲಿ ಈ ಕಾಲವನ್ನು ‘ತ್ಸುಯು’ ಎನ್ನುತ್ತಾರೆ; ಬರೆಯುವ ಅಕ್ಷರಗಳ ಅರ್ಥ ‘ಪ್ಲಮ್ ಹಣ್ಣಿನ ಮಳೆ’. ಟೋಕಿಯೋ ಭಾಗದಲ್ಲಿ ಸಾಮಾನ್ಯವಾಗಿ ಜೂನ್ ಮೊದಲ ವಾರದಿಂದ ಜುಲೈ ಮೂರನೆಯ ವಾರದವರೆಗೆ. ವರ್ಷವಿಡೀ ಸೇರಿಸಿದರೂ ಟೋಕಿಯೋ ನಗರಕ್ಕೆ ಬೀಳುವುದು ಸುಮಾರು 1,600 ಮಿ.ಮೀ. ಮಳೆ. ಆಗುಂಬೆಯ ಸರಾಸರಿ 7,000 ಮಿ.ಮೀ. ದಾಟುತ್ತದೆ. ಆಗುಂಬೆಯ ನೆರೆಯವರು ಇಷ್ಟು ಮಳೆಗೆ ಕೋಣೆಯಲ್ಲಿ ಕೂರುವುದುಂಟೆ? ಅವರು ಕೊಡೆ ಹಿಡಿದು ಹೊರಟರು.

ಟೋಕಿಯೋ ನಿಲ್ದಾಣದಿಂದ ಕೆಯೋ ಮಾರ್ಗದ ರೈಲಿನಲ್ಲಿ ಮೈಹಾಮಾ ನಿಲ್ದಾಣಕ್ಕೆ ಸುಮಾರು ಹದಿನೈದು ನಿಮಿಷ. ಆ ರೈಲಿನ ವೇದಿಕೆಯನ್ನು ನಿಲ್ದಾಣದೊಳಗೆ ಹುಡುಕಿ ತಲುಪಲು ಹೆಚ್ಚುಕಡಿಮೆ ಅಷ್ಟೇ ಹೊತ್ತು. ಸಮುದ್ರವನ್ನು ತುಂಬಿಸಿ ಮಾಡಿದ ನೆಲದ ಮೇಲೆ, ಚಿಬಾ ಪ್ರಾಂತದ ಉರಯಾಸು ನಗರದಲ್ಲಿ, 1983ರ ಏಪ್ರಿಲ್ 15ರಂದು ಈ ಉದ್ಯಾನ ಆರಂಭವಾಯಿತು. ಅಮೆರಿಕದ ಹೊರಗೆ ತೆರೆದ ಮೊದಲ ಡಿಸ್ನಿ ಉದ್ಯಾನವಿದು. ಆದರೆ ಇದರ ಒಡೆತನ ಡಿಸ್ನಿಯದಲ್ಲ. 1960ರಲ್ಲಿ ಸ್ಥಾಪನೆಯಾದ ಓರಿಯಂಟಲ್ ಲ್ಯಾಂಡ್ ಎಂಬ ಜಪಾನಿ ಕಂಪನಿ ಬಂಡವಾಳ ಹೂಡಿ ನಡೆಸುತ್ತಿದೆ. 1979ರ ಒಪ್ಪಂದದಂತೆ ಪ್ರವೇಶಶುಲ್ಕದ ಶೇ. 10 ಹಾಗೂ ತಿಂಡಿ-ಸಾಮಾನುಗಳ ಮಾರಾಟದ ಶೇ. 5 ಡಿಸ್ನಿಗೆ ರಾಯಧನ. ಅಂದರೆ ಮಳೆಯ ನಷ್ಟದ ಮುಖ್ಯ ಹೊರೆ ಜಪಾನಿನವರದು. ಹೆಸರು ಕೊಟ್ಟವರಿಗೆ ಮಳೆ ಬಂದರೂ ಬಂದ ವಹಿವಾಟಿನ ಮೇಲೆ ಪಾಲು. ಹೆಸರನ್ನು ಬಾಡಿಗೆಗೆ ಪಡೆಯುವ ಒಪ್ಪಂದಕ್ಕೆ ಸಹಿ ಹಾಕುವ ನಮ್ಮ ಉದ್ಯಮಿಗಳು ಈ ಒಂದು ಅಂಶವನ್ನು ಎರಡು ಬಾರಿ ಓದುವುದು ಒಳಿತು.

ಪ್ರವೇಶದ್ವಾರದಲ್ಲಿ ಮಳೆಯ ರಿಯಾಯಿತಿ ಏನೂ ಇರಲಿಲ್ಲ. ಆರಂಭದ ವರ್ಷದಲ್ಲಿ 3,900 ಯೆನ್ ಇದ್ದ ವಯಸ್ಕರ ಒಂದು ದಿನದ ಟಿಕೆಟ್, 2021ರ ಮಾರ್ಚ್‌ನಿಂದ ದಿನಕ್ಕೊಂದು ದರವಾಯಿತು. 2023ರ ಅಕ್ಟೋಬರ್‌ನಿಂದ ಅದು 7,900ರಿಂದ 10,900 ಯೆನ್‌ವರೆಗೆ. ಜನದಟ್ಟಣೆಯ ದಿನ ದುಬಾರಿ, ಬಿಡುವಿನ ದಿನ ಅಗ್ಗ. ದರ ನಿಗದಿಯಾಗುವುದು ಪಂಚಾಂಗ ನೋಡಿ, ಆಕಾಶ ನೋಡಿ ಅಲ್ಲ. ಮುಂಗಡವಾಗಿ ಟಿಕೆಟ್ ಕೊಂಡವನು ಮಳೆ ಬಂತೆಂದು ಮನೆಯಲ್ಲಿ ಉಳಿದರೂ ಹಣ ಮರಳುವುದಿಲ್ಲ. ಹೀಗೆ ಹವಾಮಾನದ ಅಪಾಯದ ಒಂದು ಭಾಗವನ್ನು ಗ್ರಾಹಕನೇ ತನಗರಿವಿಲ್ಲದಂತೆ ಹೊತ್ತುಕೊಂಡಿರುತ್ತಾನೆ.

ಒಳಗೆ ಕಾಲಿಟ್ಟೊಡನೆ ಅವರು ಕೊಡೆ ಮಡಚಿದರು. ಅಮೆರಿಕದ ಡಿಸ್ನಿ ಉದ್ಯಾನದಲ್ಲಿ ಬಯಲಿಗೆ ತೆರೆದುಕೊಂಡಿರುವ ಮುಖ್ಯ ಬೀದಿ ಇಲ್ಲಿ ‘ವರ್ಲ್ಡ್ ಬಜಾರ್’ ಎಂಬ ಹೆಸರಿನಲ್ಲಿ ಪೂರ್ಣವಾಗಿ ಗಾಜಿನ ಮಾಡಿನಡಿ ಇದೆ. ಜಪಾನಿನ ಮಳೆ-ಚಳಿಯನ್ನು ಗಮನಿಸಿಯೇ ಆರಂಭದಲ್ಲಿ ಹೀಗೆ ಕಟ್ಟಿದರು. ಸಾಗರದ ಉದ್ಯಮಿ ಹತ್ತು ನಿಮಿಷ ತಲೆಯೆತ್ತಿ ಆ ಕಬ್ಬಿಣದ ಕಮಾನುಗಳನ್ನೇ ನೋಡಿದರು. ನೀರು ಹರಿಯುವ ದೋಣಿ ಎಲ್ಲಿ, ಕಂಬಗಳ ಅಂತರವೆಷ್ಟು ಎಂಬುದರ ಮೇಲೆಯೇ ಅವರ ಕಣ್ಣು. ಆಮೇಲೆ ಅವರಿಗೆ ಹೊಳೆದ ಸಂಗತಿ ಬೇರೆ. ಈ ಮಾಡು ಯಾವ ಆಟದ ಮೇಲೂ ಇಲ್ಲ. ಇರುವುದು ಅಂಗಡಿಗಳ ಮೇಲೆ. ಬರುವವರೂ ಹೋಗುವವರೂ ಅಲ್ಲಿಂದಲೇ ಹಾಯಬೇಕು. ಮಳೆ ಜೋರಾದರೆ ಜನ ಓಡಿಬಂದು ನಿಲ್ಲುವುದೂ ಅಲ್ಲೇ. ನಿಂತವರ ಎಡಬಲದಲ್ಲಿ ಬೊಂಬೆ, ಬಿಸ್ಕತ್ತಿನ ಡಬ್ಬಿ, ಕೊಡೆ, ಮಳೆಯಂಗಿ.

ಕಂಪನಿಯ ಪ್ರಕಟಿತ ಲೆಕ್ಕಗಳು ಇದನ್ನು ಸಮರ್ಥಿಸುತ್ತವೆ. ಇಲ್ಲಿನ ಡಿಸ್ನಿಲ್ಯಾಂಡ್ ಮತ್ತು 2001ರಲ್ಲಿ ಆರಂಭವಾದ ಪಕ್ಕದ ಡಿಸ್ನಿಸೀ, ಎರಡಕ್ಕೂ ಸೇರಿ 2018-19ರಲ್ಲಿ ಸುಮಾರು 3 ಕೋಟಿ 25 ಲಕ್ಷ ಜನ ಬಂದರು. ತಲಾ ಖರ್ಚು 11,815 ಯೆನ್. ಅದರಲ್ಲಿ ಟಿಕೆಟ್ಟಿನ ಪಾಲು ಅರ್ಧಕ್ಕಿಂತ ಕಡಿಮೆ. ಉಳಿದುದು ಸಾಮಾನು ಮತ್ತು ಆಹಾರ. 2023-24ರಲ್ಲಿ ಬಂದವರು ಸುಮಾರು 2 ಕೋಟಿ 75 ಲಕ್ಷಕ್ಕೆ ಇಳಿದರೂ ತಲಾ ಖರ್ಚು 16,644 ಯೆನ್‌ಗೆ ಏರಿತು. ಜನ ಕಡಿಮೆ, ಗಲ್ಲಾ ಭರ್ತಿ. ಜಾತ್ರೆಯ ಯಶಸ್ಸನ್ನು ಸೇರಿದ ತಲೆಗಳಿಂದಲೇ ಅಳೆಯುವ ನಮ್ಮ ರೂಢಿಗೆ ಇದು ಸುಲಭವಾಗಿ ಒಗ್ಗುವ ಲೆಕ್ಕವಲ್ಲ.

ಒಂಟಿಯಾಗಿ ಬಂದವರಿಗೆ ಅಲ್ಲಿ ಸಿಗುವ ಮರ್ಯಾದೆ ಇವರಿಗೆ ಹೊಸದು. ಜಪಾನೀ ಭಾಷೆಯಲ್ಲಿ ಒಬ್ಬರೇ ಬರುವ ಗ್ರಾಹಕರಿಗೆ ‘ಒಹಿತೊರಿಸಾಮಾ’ ಎನ್ನುತ್ತಾರೆ. ‘ಒಬ್ಬರು’ ಎಂಬ ಪದಕ್ಕೆ ಹಿಂದೊಂದು ಮುಂದೊಂದು ಗೌರವಸೂಚಕ ಸೇರಿಸಿದ ಮಾತದು. ಸರತಿಯ ತುದಿಯಲ್ಲಿ ನಿಂತ ಹುಡುಗಿ ಒಂದು ಬೆರಳೆತ್ತಿ ಪ್ರಶ್ನಿಸುವಳು; ಇವರೂ ಒಂದು ಬೆರಳೆತ್ತಿದರೆ ಬಾಗಿ ನಮಿಸಿ ಆಸನ ತೋರಿಸುವಳು. ಪೂಹ್ ಕರಡಿಯ ಜೇನುಬೇಟೆ, ಕಡಲ್ಗಳ್ಳರ ದೋಣಿ, ಭೂತಬಂಗಲೆ ಮುಂತಾದ ಮಾಡಿನೊಳಗಿನ ಆಟಗಳನ್ನು ಒಂದೊಂದಾಗಿ ಅವರು ಮುಗಿಸಿದರು. ದೋಣಿಯಲ್ಲಿ ಮುಂದಿನ ಸಾಲಿನ ಅಜ್ಜಿಯೊಬ್ಬರು ಹಿಂತಿರುಗಿ, ಇವರ ಒದ್ದೆ ತೋಳು ನೋಡಿ, ಮಾತಿಲ್ಲದೆ ಕರವಸ್ತ್ರ ನೀಡಿದರು.

ಒಂಟಿ ಗ್ರಾಹಕನಿಂದ ಉದ್ಯಮಕ್ಕೇನು ಲಾಭ ಎಂದರೆ, ಅದಕ್ಕೂ ಲೆಕ್ಕವಿದೆ. ಉದಾಹರಣೆಗೆ ಹನ್ನೆರಡು ಆಸನಗಳ ಬಂಡಿಯೊಂದು ಗಂಟೆಗೆ ನೂರು ಸಲ ಹೊರಡುತ್ತದೆ ಎನ್ನೋಣ. ಮೂವರ, ಐವರ ಕುಟುಂಬಗಳನ್ನು ಒಡೆಯಲಾಗದೆ ಪ್ರತಿ ಸಲ ಒಂದು ಆಸನ ಖಾಲಿ ಹೋದರೆ ಗಂಟೆಗೆ ನೂರು ಆಸನ ವ್ಯರ್ಥ. ಒಬ್ಬರೇ ಬಂದವರನ್ನು ಆ ಜಾಗಕ್ಕೆ ಕೂರಿಸಿದರೆ ಹೆಚ್ಚಿನ ವಿದ್ಯುತ್ತಾಗಲಿ ಸಂಬಳವಾಗಲಿ ಬೇಡ. ಉಳಿದವರ ಸರತಿಯೂ ಬೇಗ ಕರಗುತ್ತದೆ. ಜಗತ್ತಿನ ಅನೇಕ ಉದ್ಯಾನಗಳು ಇದಕ್ಕೆಂದೇ ಪ್ರತ್ಯೇಕ ಸಾಲು ಇಟ್ಟಿವೆ. ಡಿಸ್ನಿಸೀಯ ಕೆಲವು ಆಟಗಳಲ್ಲಿಯೂ ಆ ಪದ್ಧತಿ ಬಳಕೆಗೆ ಬಂದಿದೆ.

ಇವರಿಗೆ ತಮ್ಮ ಉದ್ಯಾನದ ದ್ವಾರದ ಫಲಕ ನೆನಪಾಯಿತು. ಕೆಲವು ವರ್ಷಗಳ ಹಿಂದೆ ಅಲ್ಲೊಂದು ಜಗಳವಾದ ಬಳಿಕ ‘ಒಂಟಿ ಪುರುಷರಿಗೆ ಪ್ರವೇಶವಿಲ್ಲ’ ಎಂದು ಬರೆಸಿದ್ದರು. ಆ ನಿಯಮದ ಪ್ರಕಾರ ಅಂದು ಅವರಿಗೇ ಸ್ವಂತ ಉದ್ಯಾನದೊಳಗೆ ಪ್ರವೇಶವಿರಲಿಲ್ಲ.

ಮಧ್ಯಾಹ್ನ ಮಳೆ ಬಿರುಸಾಯಿತು. ಬಯಲಿನ ಕೆಲವು ಆಟಗಳು ನಿಂತವು. ನಿಂತ ಆಟದ ಮುಂದಿದ್ದ ಸಿಬ್ಬಂದಿ ಮನೆಗೆ ಹೋಗಲಿಲ್ಲ. ಕೆಲವರು ನೆಲದ ನೀರು ಒತ್ತಿ ತೆಗೆಯುತ್ತಿದ್ದರು, ಕೆಲವರು ದಾರಿ ತೋರಿಸುತ್ತಿದ್ದರು. ಮಾಡಿನಡಿಯ ಒಣನೆಲದ ಮೇಲೆ ಕಸ ಗುಡಿಸುವಾತನೊಬ್ಬ ಪೊರಕೆಯನ್ನು ನೀರಿನಲ್ಲಿ ಅದ್ದಿ ಇಲಿಯ ಮುಖ ಬಿಡಿಸಿದ; ಇಪ್ಪತ್ತು ಮಕ್ಕಳು ಸುತ್ತ ಸೇರಿದರು. ಇದು ಅಲ್ಲಿನ ಸ್ವಚ್ಛತಾ ಸಿಬ್ಬಂದಿಯ ಪ್ರಸಿದ್ಧ ವಿದ್ಯೆ. ಹಗಲಿನ ಮೆರವಣಿಗೆ ನಡೆಸಲಾಗದ ಮಳೆಯಲ್ಲಿ ಅದರ ಚಿಕ್ಕ ರೂಪವೊಂದು, ಪಾತ್ರಧಾರಿಗಳಿಗೆ ಮಳೆಯಂಗಿ ತೊಡಿಸಿ, ಹೊರಡುವುದುಂಟು. ಮಳೆಯ ರಾತ್ರಿಗಳಿಗೆಂದೇ ‘ನೈಟ್‌ಫಾಲ್ ಗ್ಲೋ’ ಎಂಬ ದೀಪದ ಮೆರವಣಿಗೆಯನ್ನು 2013ರಲ್ಲಿ ಆರಂಭಿಸಿದರು. ಮಳೆ ಬಾರದಿದ್ದರೆ ನೋಡಸಿಗದ ಕಾರ್ಯಕ್ರಮ! ಕೊರತೆಯನ್ನೇ ಸರಕಾಗಿಸಿದ ಇಂಥ ಜಾಣತನ ಅಪರೂಪ. ನಮ್ಮಲ್ಲಿ ಬಿಡದಿ ಬಳಿ 2005ರಿಂದ ನಡೆಯುತ್ತಿರುವ ವಂಡರ್‌ಲಾದಂಥ ಉದ್ಯಾನಗಳಲ್ಲಿ ಜನ ಹಣ ಕೊಟ್ಟು ಕೃತಕ ಮಳೆಯಲ್ಲಿ ಕುಣಿಯುತ್ತಾರೆ. ನಿಜವಾದ ಮಳೆಗೆ ಮಾತ್ರ ಇನ್ನೂ ಯಾರೂ ಟಿಕೆಟ್ ಮಾಡಿದಂತಿಲ್ಲ.

ಮಳೆಯನ್ನು ಸಿಬ್ಬಂದಿ ಮತ್ತು ಮಾಡಿನ ಬಲದಿಂದ ಎದುರಿಸಿದ ಇದೇ ಕಂಪನಿ ದೊಡ್ಡ ಆಪತ್ತಿಗೆ ಬೇರೆಯದೇ ಉಪಾಯ ಹುಡುಕಿತ್ತು. 1999ರಲ್ಲಿ ಅದು ಭೂಕಂಪದ ಅಪಾಯಕ್ಕಾಗಿ ಒಟ್ಟು 20 ಕೋಟಿ ಡಾಲರ್ ಮೌಲ್ಯದ ಐದು ವರ್ಷ ಅವಧಿಯ ಬಾಂಡುಗಳನ್ನು ಹೊರಡಿಸಿತು. ಹಣ ದೊರೆಯುವುದು ಹಾನಿಯ ಸಮೀಕ್ಷೆಯ ಮೇಲಲ್ಲ. ಕಂಪನದ ತೀವ್ರತೆ ಮತ್ತು ಕೇಂದ್ರ ಎಷ್ಟು ದೂರದಲ್ಲಿದೆ ಎಂಬ ಅಳತೆಯ ಮೇಲೆ. 2011ರ ಮಾರ್ಚ್ 11ರ ಮಹಾಕಂಪದ ಬಳಿಕ ಉದ್ಯಾನ ಒಂದು ತಿಂಗಳಿಗೂ ಹೆಚ್ಚು ಕಾಲ ಮುಚ್ಚಿತ್ತು. ಆ ವೇಳೆಗೆ ಈ ಬಾಂಡುಗಳ ಅವಧಿ ಮುಗಿದು ವರ್ಷಗಳೇ ಕಳೆದಿದ್ದವು. ಹಾನಿಯ ಬದಲು ಅಳತೆಯನ್ನೇ ನಂಬುವ ಈ ಪದ್ಧತಿ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಅಪರಿಚಿತವೇನಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ನಿರ್ಧಾರವಾಗುವುದು ತೋಟದ ಕೊಳೆರೋಗ ನೋಡಿ ಅಲ್ಲ, ಮಳೆಮಾಪಕ ನೋಡಿ.

ಸಂಜೆ ಐದಕ್ಕೆ ಅವರು ಗಾಜಿನ ಮಾಡಿನಡಿ ಕುಳಿತು, ಪ್ರದರ್ಶನದಲ್ಲಿ ಕೊಟ್ಟಿದ್ದ ಕಾಗದದ ಹಿಂಬದಿಯಲ್ಲಿ ಲೆಕ್ಕ ಬರೆದರು. ಮೂಲ ಯೋಜನೆಯಲ್ಲಿ ತೊಟ್ಟಿಲು, ದೋಣಿ, ರೈಲುಮಾರ್ಗ ಎಲ್ಲಕ್ಕೂ ಮಾಡು. ತೆರಿಗೆಯ ದೃಷ್ಟಿಯಿಂದಲೂ ಅದು ಭಾರ. ಸಿ.ಜಿ.ಎಸ್.ಟಿ. ಕಾಯ್ದೆಯ 17(5)(ಡಿ) ಪ್ರಕಾರ, ತನ್ನ ಉಪಯೋಗಕ್ಕೆ ಕಟ್ಟಿಕೊಳ್ಳುವ ಸ್ಥಿರಾಸ್ತಿಗೆ ತೆತ್ತ ತೆರಿಗೆಯ ಹೂಡುವಳಿ ಜಮೆ ಸಿಗುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪೊಂದು ಕಟ್ಟಡವನ್ನೂ ಸ್ಥಾವರವೆಂದು ವಾದಿಸಲು ಒಂದು ಕಿಂಡಿ ತೆರೆದಿತ್ತು. 2025ರ ಹಣಕಾಸು ಕಾಯ್ದೆ ಒಂದೇ ಪದವನ್ನು ಬದಲಿಸಿ, ಅದನ್ನು 2017ರ ಜುಲೈ 1ರಿಂದಲೇ ಅನ್ವಯಿಸಿ, ಆ ಕಿಂಡಿಯನ್ನು ಮುಚ್ಚಿತು. ವಿಚಿತ್ರವೆಂದರೆ, ಯಂತ್ರವನ್ನು ಹೊತ್ತು ನಿಲ್ಲುವ ಅಡಿಪಾಯ ಮತ್ತು ಆಧಾರ ಕಂಬಗಳಿಗೆ ಜಮೆ ಉಂಟು. ಜನ ನೆನೆಯದಂತೆ ಹಾಕಿದ ಮಾಡಿಗೆ ಇಲ್ಲ. ಪ್ರವೇಶಶುಲ್ಕದ ಮೇಲಿನ ತೆರಿಗೆಯನ್ನು 2018ರ ಜನವರಿಯಲ್ಲಿ ಶೇ. 28ರಿಂದ 18ಕ್ಕೆ ಇಳಿಸಿದ್ದರಿಂದ ಉದ್ಯಮ ಉಸಿರಾಡುವಂತಾಯಿತು, ನಿಜ. ಮಾಡಿನ ಖರ್ಚಿಗೆ ಅದರಿಂದ ನೇರ ಪ್ರಯೋಜನವಿಲ್ಲ.

ಕಾಗದದಲ್ಲಿ ಅವರು ಮೊದಲು ದೊಡ್ಡ ತೊಟ್ಟಿಲಿನ ಮಾಡನ್ನು ಹೊಡೆದುಹಾಕಿದರು. ಆಮೇಲೆ ದೋಣಿಯದು. ರೈಲು ನಿಲ್ದಾಣದಿಂದ ಉಪಾಹಾರ ಗೃಹದವರೆಗೆ, ಪ್ರವೇಶದ್ವಾರವನ್ನು ಸೇರಿಸಿಕೊಂಡು, ಒಂದೇ ಉದ್ದನೆಯ ಮಾಡು ಉಳಿಯಿತು. ಅದರ ಎರಡು ಬದಿಗೆ ಎಂಟು ಮಳಿಗೆಗಳು: ಬಿಸಿ ಬೋಂಡ, ಕಷಾಯ, ಹಲಸಿನ ಹಪ್ಪಳ, ಕೊಡೆ, ಸ್ವಂತ ಗಿರಣಿಯ ಅವಲಕ್ಕಿ. ಜೋಗಕ್ಕೆ ಹೋಗುವವರು ಆಟಕ್ಕಲ್ಲದಿದ್ದರೂ ಮಾಡಿಗಾಗಿ ನಿಲ್ಲಬಹುದು. ಮಳೆಗಾಲದಲ್ಲಿ ಈ ಭಾಗಕ್ಕೆ ಪ್ರವೇಶಶುಲ್ಕವಿಲ್ಲ. ಆಟದ ಸಿಬ್ಬಂದಿಯಲ್ಲಿ ಹನ್ನೊಂದು ಮಂದಿಗೆ ಇಲ್ಲಿ ಕೆಲಸವಿದೆ. ಉಳಿದವರ ವಿಷಯದಲ್ಲಿ ಕಾಗದದ ಮೇಲೆ ಪ್ರಶ್ನಾರ್ಥಕ ಚಿಹ್ನೆಯಷ್ಟೇ ಬಿತ್ತು. ಸಾಲದ ಮೊತ್ತ ಮೂಲ ಅರ್ಜಿಯ ಮೂರನೆಯ ಒಂದಕ್ಕೆ ಬಂದು ನಿಂತಿತು.

ಊರಿಗೆ ಮರಳಿದ ವಾರವೇ ಪಾಲುದಾರರ ಸಭೆ ಸೇರಿತು. ಹಿರಿಯ ಪಾಲುದಾರರು ಮಳಿಗೆಗಳಿಗೆ ಒಪ್ಪಿದರು. ಶುಲ್ಕವಿಲ್ಲದ ಪ್ರವೇಶಕ್ಕೆ ಒಪ್ಪಲಿಲ್ಲ. ದ್ವಾರದ ಫಲಕವನ್ನು ತೆಗೆಯುವುದಕ್ಕೆ ಯಾರ ಆಕ್ಷೇಪವೂ ಬರಲಿಲ್ಲ. ಪರಿಷ್ಕೃತ ಅರ್ಜಿಯನ್ನು ಸ್ವೀಕರಿಸಿದ ಬ್ಯಾಂಕು, ಮಳೆಗಾಲದ ವಹಿವಾಟಿನ ಅಂದಾಜಿಗೆ ಆಧಾರವಾಗಿ ಕಳೆದ ಐದು ವರ್ಷಗಳ ಹಗಲಿನ ಮಳೆಯ ವಿವರ ಕೇಳಿದೆ. ಗ್ರಾಮ ಪಂಚಾಯಿತಿಯ ಮಳೆಮಾಪಕದ ದಾಖಲೆಗಾಗಿ ಅವರು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಪತ್ರ ಬರೆದಿದ್ದಾರೆ.